ಹಾಲಿನ ಕ್ಯಾನಿಲ್ಲದ ಓಟ

ಬೆಳಗಿನ ಮೊದಲ ಬಸ್ಸು ಒಂದೇ ಸಲಕ್ಕೆ ಎದ್ದದ್ದೇ ಇಲ್ಲ. ಮೊದಲು ಗೊರ್ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕೆಮ್ಮುತ್ತದೆ. ಆಮೇಲೆ ಯಾರೋ ಅದರ ತಗಡಿನ ಮೈಗೆ ಅಂಗೈಯಿಂದ ದಬದಬ ಬಡಿದ ಸದ್ದು. ಅಷ್ಟಾದ ಮೇಲೆಯೇ ಎಂಜಿನ್ನು ಮುನಿಸು ಬಿಟ್ಟು ಒಂದೇ ಸಮನೆ ಗುನುಗತೊಡಗುತ್ತದೆ. ಬಸ್ ಡಿಪೋದ ಹಿಂದಿನ ಓಣಿಯವರು ಅಲಾರಾಂ ಇಟ್ಟುಕೊಂಡು ಮಲಗುವುದಿಲ್ಲ. ಆ ಕೆಮ್ಮು ಕೇಳಿದ ಕೂಡಲೇ ಕೆಲವರು ಎದ್ದು ಒಲೆ ಹಚ್ಚುತ್ತಾರೆ, ಕೆಲವರು ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಚಾದರಕ್ಕ ಮಾತ್ರ ಅಷ್ಟು ಹೊತ್ತಿಗೆ ಕ್ಯಾನ್ವಾಸ್ ಬೂಟಿನ ದಾರ ಕಟ್ಟಿಕೊಂಡು, ಬಾಗಿಲ ಚಿಲಕವನ್ನು ಸದ್ದಾಗದಂತೆ ಸರಿಸಿ, ಕೈಯಲ್ಲೊಂದು ಖಾಲಿ ಹಾಲಿನ ಕ್ಯಾನು ಹಿಡಿದು ಓಣಿಗೆ ಇಳಿದಿರುತ್ತಿದ್ದಳು.

ಕ್ಯಾನು ಒಂದು ನೆಪ. ಅವರ ಮನೆಗೆ ಹಾಲು ಬಾಗಿಲಿಗೇ ಬಂದು ಬೀಳುತ್ತಿತ್ತು. ಡಿಪೋದ ಹಿಂದಿನ ಗೋಡೆಯ ಉದ್ದಕ್ಕೂ ಹೋಗುವ ಆ ಓಣಿಯಲ್ಲಿ ಅವಳು ಓಡುತ್ತಿದ್ದಳು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಯಾರಾದರೂ ಎದುರಾದರೆ ತಟ್ಟನೆ ನಡಿಗೆಗೆ ಇಳಿದು, ಕ್ಯಾನನ್ನು ಮುಂದಕ್ಕೆ ಹಿಡಿದು, ಹಾಲಿಗೆ ಹೊರಟವಳ ಮುಖ ಮಾಡುತ್ತಿದ್ದಳು. ಹಿಂದಿನ ಗೇಟಿನಿಂದ ಬಸ್ಸು ಹೊರಬಂದರೆ ಗೋಡೆಗೆ ಅಂಟಿ ನಿಂತು, ಅದು ದಾಟುವ ತನಕ ಕ್ಯಾನಿನ ಮುಚ್ಚಳವನ್ನೇ ನೋಡುತ್ತಿದ್ದಳು. ನಲವತ್ತು ದಾಟಿದ, ಮೈಕೈ ತುಂಬಿಕೊಂಡ ಹೆಂಗಸೊಬ್ಬಳು ಯಾರೂ ಅಟ್ಟಿಸಿಕೊಂಡು ಬರದೆ ಸುಮ್ಮಸುಮ್ಮನೆ ಓಡುವುದು ಯಾರ ಕಣ್ಣಿಗಾದರೂ ಬಿದ್ದರೆ ಏನು ಗತಿ ಎಂಬುದು ಅವಳ ಅಳುಕು.

ಇದು ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರಮ್ಮ ಗದರಲಿಲ್ಲ, ಹೆದರಿಸಲೂ ಇಲ್ಲ. ಚೀಟಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, "ದಿನಾ ನಡೀರಿ. ನಡೆದೂ ನಡೆದೂ ಬೇಜಾರಾದ್ರೆ ಸ್ವಲ್ಪ ಓಡಿ, ಬೇಜಾರು ಹಿಂದೆ ಉಳಿಯುತ್ತೆ," ಎಂದಿದ್ದರು. ಚಾದರಕ್ಕ ನಡೆದಳು. ನಿಜವಾಗಿಯೂ ಬೇಜಾರಾಯಿತು. ಚಳಿಯ ಒಂದು ಬೆಳಗ್ಗೆ ಓಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಒಂದು ದೀಪದ ಕಂಬದಿಂದ ಮುಂದಿನ ಕಂಬದವರೆಗೆ ಓಡಿಬಿಟ್ಟಳು. ಎದೆ ಡವಗುಟ್ಟಿತು, ಬಾಯಿ ಒಣಗಿತು, ಪಕ್ಕೆ ಹಿಡಿದುಕೊಂಡಿತು. ಕಂಬಕ್ಕೆ ಒರಗಿ ನಿಂತವಳಿಗೆ ಸ್ವಲ್ಪ ಹೊತ್ತಿನ ಮೇಲೆ, ಬಹಳ ದಿನ ಮುಚ್ಚಿದ್ದ ಕೋಣೆಯ ಕಿಟಕಿಯನ್ನು ಒಳಗಿನಿಂದ ಯಾರೋ ತೆರೆದಂತೆ ಆಯಿತು. ಮರುದಿನವೂ ಓಡಿದಳು. ಡಾಕ್ಟರಮ್ಮನಿಗೆ ಈ ಮಾತು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಅವರ ಬಾಗಿಲ ಮುಂದೆ ಯಾವಾಗಲೂ ಸಾಲು ಇರುತ್ತಿತ್ತು.

ಅವಳ ಕೆಲಸ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಆಸ್ಪತ್ರೆಗೆ ಬಂದು ಹೋಗುವವರಿಗೆ ಆ ಲಾಂಡ್ರಿ ಕಾಣುವುದಿಲ್ಲ. ಅದಿರುವುದು ನೆಲಮಾಳಿಗೆಯಲ್ಲಿ, ತಲೆಯ ಮೇಲೆ ಬಿಸಿನೀರಿನ ಕೊಳವೆಗಳು, ಕಾಲ ಕೆಳಗೆ ಸದಾ ಒದ್ದೆಯಾದ ನೆಲ, ಕೋಣೆಯಷ್ಟು ದೊಡ್ಡ ಯಂತ್ರಗಳ ಹೊಟ್ಟೆಯಲ್ಲಿ ಗಿರಗಿರ ತಿರುಗುವ ಬಿಳಿ ಬಟ್ಟೆ. ಒಣಗಿದ ಚಾದರಗಳು ತಳ್ಳುಗಾಡಿಯಲ್ಲಿ ಬೆಟ್ಟದಂತೆ ಬರುತ್ತವೆ. ಅವನ್ನು ಮಡಚುವುದು ಅವಳ ಕೆಲಸ. ಕೈಗೆ ಸಿಕ್ಕಿದ ಬಸ್ ಟಿಕೆಟನ್ನೂ ನಾಲ್ಕು ಮೂಲೆ ಕೂಡಿಸಿ ಮಡಚದೆ ಬಿಡುವವಳಲ್ಲ. ಚಾದರಕ್ಕ ಎಂಬ ಹೆಸರು ಹಾಗೆ ಬಂತು.

ಚಾದರವನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಒಮ್ಮೆ ಝಾಡಿಸಿ ಸುಕ್ಕು ಬಿಡಿಸಿ, ಉದ್ದಕ್ಕೆ ಮಡಚಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಮತ್ತೆ ಹಿಂದಕ್ಕೆ ಹೋಗಬೇಕು, ಇನ್ನೊಂದನ್ನು ಎತ್ತಿಕೊಳ್ಳಬೇಕು. ಲಾಂಡ್ರಿಯಲ್ಲಿ ಜೊತೆಗಾತಿಯನ್ನು 'ನನ್ನ ಎದುರಿನಾಕೆ' ಎನ್ನುತ್ತಾರೆ. ಚಾದರಕ್ಕನ ಎದುರಿನಾಕೆ ಅವಳಿಗಿಂತ ಹಿರಿಯಳು, ತೆಳ್ಳಗೆ, ಉದ್ದಕ್ಕೆ, ಕಡಿಮೆ ಮಾತಿನವಳು. ಮೊದಲ ದಿನ ಚಾದರಕ್ಕನ ಮೂಲೆಗಳು ಒಂದೂ ಕೂಡುತ್ತಿರಲಿಲ್ಲ. ಹೊಸ ಮದುವಣಗಿತ್ತಿ, ಹೊಸ ಕೆಲಸ, ಕಣ್ಣೆಲ್ಲ ಕೈಯ ಮೇಲೆ. ಆಗ ಎದುರಿನಾಕೆ ಹೇಳಿದ್ದು ಇಷ್ಟೇ: "ಕೈ ನೋಡ್ಬೇಡ ಹುಡುಗಿ. ನನ್ನ ಮುಖ ನೋಡು. ಕೈಗೆ ಅದರ ದಾರಿ ಗೊತ್ತಿರುತ್ತೆ."

ಅಂದಿನಿಂದ ಅವಳು ಆ ಮುಖವನ್ನು ನೋಡಿಕೊಂಡೇ ಮಡಚಿದಳು. ಮಕ್ಕಳಿಗೆ ಜ್ವರ ಬಂದದ್ದು, ಗಂಡನ ಜೊತೆ ಜಗಳವಾದದ್ದು, ಮನೆ ಬದಲಿಸಿದ್ದು ಎಲ್ಲವೂ ಹೇಳದೆಯೇ ಆಚೆಯಿಂದ ಈಚೆಗೆ ದಾಟುತ್ತಿದ್ದವು. ತಾಯಿಯನ್ನು ಕಳೆದುಕೊಂಡ ಮೇಲೆ ಚಾದರಕ್ಕ ಕೆಲಸಕ್ಕೆ ಮರಳಿದ ದಿನ ಎದುರಿನಾಕೆ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಆ ದಿನವೆಲ್ಲ ತುಸು ನಿಧಾನವಾಗಿ ಮಡಚಿದಳು, ಅಷ್ಟೆ. ಗಾಡಿಗಳು ಸಾಲುಗಟ್ಟಿ ನಿಂತವು, ಬೈಗುಳ ಬಂತು. ಬೈಗುಳವನ್ನು ಎದುರಿನಾಕೆಯೇ ಮುಂದೆ ಹೋಗಿ ತಿಂದಳು. ಚಾದರಕ್ಕ ಅದನ್ನು ಮರೆತಿಲ್ಲ.

ಆ ಆಸ್ಪತ್ರೆಯವರು ವರ್ಷಕ್ಕೊಂದು ಸಲ ಓಟದ ಸ್ಪರ್ಧೆ ಇಡುತ್ತಾರೆ. ಊರಿನವರೂ ಓಡಬಹುದು, ಕೆಲಸಗಾರರೂ ಓಡಬಹುದು. ಈ ಸಲವೂ ಲಾಂಡ್ರಿಯ ಮೇಲ್ವಿಚಾರಕ ಹಬೆಗೆ ಹೆದರಿ ಬಾಗಿಲಲ್ಲೇ ನಿಂತು ಕೇಳಿದ: "ಐದು ಕಿಲೋಮೀಟರು ಓಟ. ಒಂದೊಂದು ವಿಭಾಗದಿಂದ ಒಬ್ಬರಾದ್ರೂ ಇರ್ಬೇಕಂತೆ. ನಮ್ಮಲ್ಲಿ ಯಾರೂ ಇಲ್ಲ ಅಂತ ಹೇಳ್ಬಿಡ್ಲಾ?"

"ಹೇಳ್ಬಿಡಿ," ಎಂದಳು ಡಾಕ್ಟರುಗಳ ಕೋಟಿಗೆ ಗಂಜಿ ಹಾಕುವಾಕೆ. ಅವಳನ್ನು ಎಲ್ಲರೂ ಗಂಜಿಯಮ್ಮ ಎನ್ನುತ್ತಿದ್ದರು. "ನಾವು ಓಡೋಕೆ ಹೋದ್ರೆ ಡಾಕ್ಟರುಗಳು ಮುದುಡಿದ ಕೋಟು ಹಾಕ್ಕೊಂಡು ತಿರುಗ್ಬೇಕಾಗುತ್ತೆ. ಯಾರು ಡಾಕ್ಟರು ಯಾರು ರೋಗಿ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ಎದುರಿನಾಕೆ ನಗಲಿಲ್ಲ. ಹಿಡಿದ ಚಾದರದ ಅಂಚನ್ನು ಬಿಡದೆ, "ಇವಳು ಓಡ್ತಾಳೆ," ಎಂದಳು.

ಚಾದರಕ್ಕನ ಕೈಯಿಂದ ಮೂಲೆ ಜಾರಿ ಚಾದರ ನೆಲಕ್ಕೆ ಬಿತ್ತು. ಮೇಲ್ವಿಚಾರಕ ಹೋಗುವ ತನಕ ಕಾದು ಅವಳು ಕೇಳಿದಳು. "ಅಕ್ಕಾ, ನಿಂಗ್ಯಾರು ಹೇಳಿದ್ದು?"

"ನಿನ್ನ ಉಸಿರು ಹೇಳ್ತು. ಹೋದ ವರ್ಷ ಎರಡು ಚಾದರ ಮಡಚಿದ್ರೆ ಒಂದ್ಸಲ ಸೊಂಟಕ್ಕೆ ಕೈ ಕೊಡ್ತಿದ್ದೆ. ಈಗ ಗಾಡಿ ಖಾಲಿಯಾದ್ರೂ ಬಾಯಿ ಮುಚ್ಕೊಂಡು ನಿಂತಿರ್ತೀಯ. ದಿನವಿಡೀ ನಿನ್ನೆದುರಿಗೆ ಇರೋಳು ನಾನು. ನಂಗೆ ಕಾಣ್ದೆ ಇನ್ಯಾರಿಗೆ ಕಾಣುತ್ತೆ?"

"ಓಡ್ತೀನಿ ಅಕ್ಕಾ, ಇಲ್ಲ ಅನ್ನಲ್ಲ. ಆದ್ರೆ ಜನರ ಮುಂದೆ ನಂಗಾಗಲ್ಲ."

ಎದುರಿನಾಕೆ ಬಿದ್ದ ಚಾದರವನ್ನು ಎತ್ತಿ, ಮತ್ತೆ ಒಗೆಯುವ ರಾಶಿಗೆ ಹಾಕಿದಳು. "ಈ ತಿಂಗಳು ಮುಗಿದ್ರೆ ನಾನು ರಿಟೈರು. ಆಮೇಲೆ ದಿನವಿಡೀ ನಿನ್ನ ಮುಖ ನೋಡೋಕೆ ನಂಗ್ಯಾರು ಸಂಬಳ ಕೊಡ್ತಾರೆ? ಇಷ್ಟು ವರ್ಷ ಈ ಟ್ಯೂಬ್‌ಲೈಟ್ ಕೆಳಗೇ ನೋಡಿದ್ದು. ಒಂದ್ಸಲ ಹೊರಗಡೆ, ಬಿಸಿಲಲ್ಲಿ, ನೀನು ಓಡೋದು ನೋಡ್ಬೇಕು ಅಂತ ಆಸೆ."

ಎದುರಿನಾಕೆ ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಾದರಕ್ಕ ಹೂಂ ಎಂದುಬಿಟ್ಟಳು.

ಮನೆಯಲ್ಲಿ ವಿಷಯ ತಿಳಿದಾಗ ಗಂಡ ಊಟದ ತಟ್ಟೆಯ ಮುಂದಿದ್ದ. ಅವನದು ವೈರಿಂಗ್ ಕೆಲಸ. ಬಾಯಿಯಲ್ಲಿ ಕರೆಂಟು ಹೆಚ್ಚು ಎಂದು ಸ್ವಂತ ತಾಯಿಯೇ ಹೇಳುತ್ತಿದ್ದರು.

"ಯಾರಿಂದ ತಪ್ಪಿಸ್ಕೊಂಡು ಓಡ್ತಿದ್ದೀಯೇ? ನಾನಿನ್ನೂ ಏನೂ ಮಾಡಿಲ್ವಲ್ಲ."

"ತಮಾಷೆ ಬೇಡ ರೀ. ನಂಗೆ ಈಗ್ಲೇ ಕೈಕಾಲು ತಣ್ಣಗಾಗ್ತಿದೆ."

"ಅಲ್ಲಿಗೆ ಮೈಕು ಹಾಕೋ ಕೆಲ್ಸ ನಂದೇ. ನೀನು ಬರೋ ಹೊತ್ತಿಗೆ ಸರಿಯಾಗಿ, ಬರ್ತಿದ್ದಾರೆ ನಮ್ಮ ಮನೆಯವರು, ದಯವಿಟ್ಟು ಎಲ್ಲರೂ ದಾರಿ ಬಿಡಿ ಅಂತ ಕೂಗ್ತೀನಿ."

ಅವಳ ಕಣ್ಣು ತುಂಬಿದ್ದು ಕಂಡು ಅವನು ತುತ್ತನ್ನು ತಟ್ಟೆಗೆ ಬಿಟ್ಟ. "ಇಲ್ವೇ. ಆಣೆ. ಮೈಕ್ ಮುಂದೆ ಬಾಯಿ ಬಿಡಲ್ಲ," ಎಂದ. ಆಮೇಲೆ ಅವಳ ಬೂಟು ತೆಗೆದುಕೊಂಡು ಹೋಗಿ, ಬಿಚ್ಚಿಕೊಳ್ಳುತ್ತಿದ್ದ ಹಿಮ್ಮಡಿಗೆ ಅಂಟು ಹಚ್ಚಿ, ಮೇಲೊಂದು ಇಸ್ತ್ರಿಪೆಟ್ಟಿಗೆ ಹೇರಿಟ್ಟು ಬಂದ.

ಆ ವಾರ ಅವಳು ಓಣಿಗೆ ಇಳಿಯಲಿಲ್ಲ. ಬಸ್ಸು ಕೆಮ್ಮುತ್ತಿತ್ತು, ಅವಳು ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. ದಣಿವಾದೀತು ಎಂಬ ಭಯವಲ್ಲ ಅದು. ಎಲ್ಲರೂ ಮುಗಿಸಿ, ಬಾಯಿ ಒರೆಸಿಕೊಂಡು, ತಿರುಗಿ ನಿಂತಿರುತ್ತಾರೆ. ಖಾಲಿ ರಸ್ತೆಯಲ್ಲಿ ತಾನೊಬ್ಬಳೇ ಏದುಸಿರು ಬಿಡುತ್ತ ಬರುತ್ತಿರುತ್ತೇನೆ. ಅಷ್ಟೂ ಕಣ್ಣುಗಳು ತನ್ನ ಮೈಮೇಲೆ. ಈ ಚಿತ್ರವೊಂದು ತಲೆಯಲ್ಲಿ ನಿಂತುಬಿಟ್ಟಿತ್ತು. ಅನ್ನ ಇಳಿಯಲಿಲ್ಲ. ಲಾಂಡ್ರಿಯಲ್ಲಿ ಮೂಲೆಗಳು ಮತ್ತೆ ತಪ್ಪತೊಡಗಿದವು. ಎದುರಿನಾಕೆ ನೋಡಿದಳು, ತಪ್ಪಿದ ಮೂಲೆಗಳನ್ನು ತಾನೇ ಸರಿಮಾಡಿಕೊಂಡಳು.

ಓಟದ ಹಿಂದಿನ ಸಂಜೆ ಚಾದರಕ್ಕ ಅಡುಗೆಮನೆಯಲ್ಲಿ ಅತ್ತೆಯ ಪಕ್ಕಕ್ಕೆ ಹೋಗಿ ಕೂತಳು.

"ಅತ್ತೆ, ಯಾಕೋ ಮೈ ಬೆಚ್ಚಗಿದೆ."

ಅತ್ತೆ ಹಣೆ ಮುಟ್ಟಿದರು, ಕತ್ತು ಮುಟ್ಟಿದರು. "ಮೈ ತಣ್ಣಗಿದೆ. ಬೆಚ್ಚಗಿರೋದು ನಿನ್ನ ಸುಳ್ಳು, ಈಗ ತಾನೆ ಒಲೆಯಿಂದ ಇಳಿಸಿದ್ದು."

ಚಾದರಕ್ಕ ತಲೆ ತಗ್ಗಿಸಿದಳು. "ನಂಗೆ ಹೆದರಿಕೆ ಅತ್ತೆ. ನಾಳೆ ಹೋಗಲ್ಲ."

"ಬೇಡ. ಯಾರು ಬಲವಂತ ಮಾಡಿದ್ದು?" ಅತ್ತೆ ತರಕಾರಿ ಹೆಚ್ಚುವುದನ್ನು ಮುಂದುವರಿಸಿದರು. "ಆದ್ರೆ ನಿನ್ನ ಲಾಂಡ್ರಿ ಅಕ್ಕನಿಗೆ ಯಾರ ಕೈಲೂ ಹೇಳಿ ಕಳಿಸ್ಬೇಡ. ಫೋನೂ ಮಾಡ್ಬೇಡ. ನೀನೇ ಹೋಗಿ, ಎದುರಿಗೆ ನಿಂತು ಹೇಳಿ ಬಾ. ಬಂದ ಮೇಲೆ ನಾನೇ ನಿಂಗೆ ಬಿಸಿನೀರು ಕಾಯಿಸಿ ಕೊಡ್ತೀನಿ, ಜ್ವರ ಬಂದೋಳ ಥರಾನೇ ಮಲಗು."

ಹೀಗೆ ಚಾದರಕ್ಕ ಓಟದ ಬೆಳಗ್ಗೆ ಆಸ್ಪತ್ರೆಯ ಮುಂದಿನ ಮೈದಾನಕ್ಕೆ ಹೋದದ್ದು ಓಡುವುದಕ್ಕಲ್ಲ, ಓಡುವುದಿಲ್ಲ ಎಂದು ಹೇಳುವುದಕ್ಕೆ.

ಮೈದಾನದ ತುಂಬ ಜನ. ಕಾಲು ಝಾಡಿಸುವವರು, ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುವವರು, ಇದ್ದಲ್ಲೇ ಕುಣಿಯುವವರು. ಕಂಬದ ಮೇಲೆ ಗಂಡ ವೈರು ಕಚ್ಚಿಕೊಂಡು ಕೂತಿದ್ದ. ಕೆಳಗೆ ಲಾಂಡ್ರಿಯ ಹೆಂಗಸರು ಒಂದು ಬೆಂಚಿನ ಸುತ್ತ ನಿಂತಿದ್ದರು. ರಾತ್ರಿಪಾಳಿ ಮುಗಿಸಿ ಮನೆಗೆ ಹೋಗದೆ ಉಳಿದವರೂ ಇದ್ದರು. ಅವಳನ್ನು ಕಂಡದ್ದೇ ಗಂಜಿಯಮ್ಮ ಎರಡೂ ಅಂಗೈಗಳ ಮೇಲೆ ಏನನ್ನೋ ತಟ್ಟೆಯಂತೆ ಹಿಡಿದು ಬಂದಳು.

ಅದು ಓಟದವರು ಕೊಟ್ಟಿದ್ದ ಟೀ ಶರ್ಟು. ಹೊಸ ಬಟ್ಟೆಯನ್ನು ಒಗೆಯದೆ ಹಾಕಿಕೊಳ್ಳಬಾರದೆಂದು ಎರಡು ದಿನದ ಹಿಂದೆ ಗಂಜಿಯಮ್ಮ ಇಸಿದುಕೊಂಡು ಹೋಗಿದ್ದಳು. ಒಗೆದಿದ್ದಳು. ಆಮೇಲೆ ತನಗೆ ಗೊತ್ತಿದ್ದ ಗೌರವವನ್ನೆಲ್ಲ ಅದಕ್ಕೆ ತೋರಿಸಿದ್ದಳು. ಗಂಜಿಯಲ್ಲಿ ಅದ್ದಿ, ಒಣಗಿಸಿ, ನೀರು ಚಿಮುಕಿಸಿ, ಕಾದ ಇಸ್ತ್ರಿಯಿಂದ ಗೆರೆ ಬೀಳುವಂತೆ ಒತ್ತಿದ್ದಳು.

"ದೊಡ್ಡ ಡಾಕ್ಟರ ಕೋಟಿಗೂ ನಾನು ಇಷ್ಟು ಗಂಜಿ ಹಾಕಲ್ಲ," ಎಂದಳು. "ನೋಡು ಬೇಕಾದ್ರೆ." ಬೆಂಚಿನ ಮೇಲೆ ನಿಲ್ಲಿಸಿದಳು. ಟೀ ಶರ್ಟು ತನ್ನಷ್ಟಕ್ಕೆ ತಾನೇ ನಿಂತುಕೊಂಡಿತು.

ಅದರ ಎದೆಯ ಮೇಲಿದ್ದ ನಂಬರಿನ ಬಟ್ಟೆತುಂಡನ್ನು ಕೆಂಪು ದಾರದಲ್ಲಿ ನಾಲ್ಕೂ ಅಂಚಿಗೆ ಹೊಲಿದಿದ್ದರು. ಹೊಲಿದವಳು ಎದುರಿನಾಕೆ. ಸಿಕ್ಕಿಸಿಕೊಳ್ಳಲೆಂದು ಪಿನ್ನು ಕೊಟ್ಟಿದ್ದರಂತೆ, ಅವಳು ಎಸೆದಿದ್ದಳು. ಲಾಂಡ್ರಿಯವರಿಗೆ ಬಟ್ಟೆಯೊಳಗಿನ ಪಿನ್ನು ಎಂದರೆ ಹಾವು ಇದ್ದಂತೆ. ಹಿಂಡುವಾಗ ಅಂಗೈಗೆ ನುಗ್ಗುತ್ತದೆ, ಯಂತ್ರಕ್ಕೆ ಸಿಕ್ಕರೆ ಒಂದು ಗಾಡಿ ಬಟ್ಟೆಯನ್ನು ಸೀಳುತ್ತದೆ. ಆಸ್ಪತ್ರೆಯ ಚಾದರಗಳಿಗೆ ಗುರುತು ಹಾಕುವ ದಾರದಲ್ಲೇ ಅವಳು ನಂಬರನ್ನು ಹೊಲಿದಿದ್ದಳು. ಇನ್ನು ಆ ನಂಬರು ಹೋಗಬೇಕೆಂದರೆ ಬಟ್ಟೆಯೇ ಹೋಗಬೇಕು.

ಅಷ್ಟು ಜನರ ನಡುವೆ ಓಡುವುದಿಲ್ಲ ಎಂಬ ಮಾತು ಚಾದರಕ್ಕನ ಬಾಯಿಗೆ ಬರಲಿಲ್ಲ. ಹಳೆಯ ಅಂಗಿಯ ಮೇಲೆಯೇ ಟೀ ಶರ್ಟು ಏರಿಸಿಕೊಂಡಳು. ಒಣಗಿದ ಎಲೆ ತುಳಿದಂತೆ ಸದ್ದಾಯಿತು. ತೋಳುಗಳು ಎರಡೂ ಪಕ್ಕಕ್ಕೆ ರೆಕ್ಕೆಯಂತೆ ಎದ್ದು ನಿಂತವು. ಬೆವರು ಒರೆಸಲು ಕೈ ಎತ್ತಿದರೆ ಇಡೀ ಶರ್ಟು ಒಂದೇ ಹಲಗೆಯಾಗಿ ಮೇಲೆದ್ದು ಗಲ್ಲಕ್ಕೆ ತಾಗಿತು. ಅವಳು ಬಗ್ಗಿ ನೋಡಿಕೊಂಡಳು. ಬಗ್ಗಲೂ ಆಗಲಿಲ್ಲ. ಎಲ್ಲಿತ್ತೋ ಏನೋ, ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅವಳ ನಗು ಕಂಡು ಉಳಿದವರೂ ನಕ್ಕರು.

"ಯಾಕೆ, ಚೆನ್ನಾಗಿಲ್ವಾ?" ಗಂಜಿಯಮ್ಮನ ಮುಖ ಸಣ್ಣದಾಯಿತು.

"ಚೆನ್ನಾಗಿದೆ ಗಂಜಿಯಮ್ಮ. ಇಷ್ಟು ಒಳ್ಳೆ ಬಟ್ಟೆ ನಂಗ್ಯಾರೂ ಮಾಡಿ ಕೊಟ್ಟಿಲ್ಲ. ಆದ್ರೆ ಇದನ್ನ ಹಾಕ್ಕೊಂಡು ಓಡೋಕಾಗಲ್ಲ, ಕುರ್ಚಿ ಮೇಲೆ ಕೂತು ಹಾರ ಹಾಕಿಸ್ಕೋಬೇಕು ಅಷ್ಟೆ."

ಎದುರಿನಾಕೆ ಅವಳ ಮೊಣಕೈ ಹಿಡಿದು ಮೈದಾನದ ಮೂಲೆಯ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಟೀ ಶರ್ಟು ಬಿಚ್ಚಿಸಿ ನೀರಿನ ಕೆಳಗೆ ಹಿಡಿದಳು. ಗಂಜಿ ಬಿಳಿಯಾಗಿ ಇಳಿದು ಹರಿಯಿತು.

"ಅಕ್ಕಾ," ಎಂದಳು ಚಾದರಕ್ಕ. "ನಾನು ಇವತ್ತು ಓಡಲ್ಲ ಅಂತ ಹೇಳೋಕೆ ಬಂದಿದ್ದೆ."

"ಹೇಳು. ಹೇಳ್ತಾ ಈ ತುದಿ ಹಿಡ್ಕೋ."

ಇಬ್ಬರೂ ಒಂದೊಂದು ತುದಿ ಹಿಡಿದರು. ಒಬ್ಬಳು ಬಲಕ್ಕೆ ತಿರುಚಿದಳು, ಇನ್ನೊಬ್ಬಳು ಎಡಕ್ಕೆ. ನೀರು ಸುರಿಯಿತು. ಬಿಡಿಸಿದರು, ನೆನೆಸಿದರು, ಮತ್ತೆ ತಿರುಚಿದರು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಲೇ ಚಾದರಕ್ಕನ ಕಣ್ಣು ಅಭ್ಯಾಸಬಲದಿಂದ ಎದುರಿನ ಮುಖಕ್ಕೆ ಹೋಯಿತು. ಅಲ್ಲಿ ಕೋಪವಿರಲಿಲ್ಲ, ಒತ್ತಾಯವಿರಲಿಲ್ಲ. ಬಿಸಿಲಿಗೆ ಅರ್ಧ ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ಟ್ಯೂಬ್‌ಲೈಟಿನಲ್ಲಿ ಎಂದೂ ಕಾಣದ ಒಂದು ಸಣ್ಣ ಮಚ್ಚೆ. ಇಬ್ಬರ ಉಸಿರೂ ಒಂದೇ ಹೊತ್ತಿಗೆ ಒಳಗೆ ಹೋಗಿ, ತಿರುಚುವಾಗ ಒಂದೇ ಹೊತ್ತಿಗೆ ಹೊರಗೆ ಬಂತು. "ಹಾಂ," ಎಂದಳು ಎದುರಿನಾಕೆ. ಇಬ್ಬರೂ ಒಟ್ಟಿಗೆ ಝಾಡಿಸಿದರು. ಟೀ ಶರ್ಟು ಪಟ್ ಎಂದಿತು. ಹನಿಗಳು ಇಬ್ಬರ ಮುಖಕ್ಕೂ ಸಿಡಿದವು.

"ಈಗ ಹೇಳು," ಎಂದಳು ಎದುರಿನಾಕೆ.

ಚಾದರಕ್ಕ ಆ ಮಾತನ್ನು ಹುಡುಕಿದಳು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಅದೀಗ ಹೊತ್ತುಕೊಂಡು ಹೋಗಬಹುದಾದಷ್ಟು ಸಣ್ಣದಾಗಿತ್ತು. ಒದ್ದೆ ಟೀ ಶರ್ಟನ್ನು ತಲೆಯ ಮೇಲಿನಿಂದ ಇಳಿಸಿಕೊಂಡು, ಹೊರಡುವ ಗೆರೆಯ ಕಡೆಗೆ ಹೋದಳು.

ಗುಂಪಿನ ಹಿಂಭಾಗದಲ್ಲಿ ನಿಂತಳು. ಪಕ್ಕದಲ್ಲಿ ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಯವರೊಬ್ಬರು ಟೋಪಿ ತಿರುವಿ ಹಾಕಿಕೊಂಡು ನಿಂತಿದ್ದರು.

"ಮೊದಲನೇ ಸಲವಾ ಅಕ್ಕಾ?"

"ಹೂಂ. ನಿಮ್ದು?"

"ನಂದೂ ಮೊದಲನೇ ಸಲ. ಕೊನೇದೂ ಇದೇ." ಆಮೇಲೆ ಅವಳ ಒದ್ದೆ ಬಟ್ಟೆ ನೋಡಿ, "ಶುರುವಾಗೋಕೆ ಮುಂಚೆನೇ ಇಷ್ಟು ಬೆವರಾ? ನಿಮ್ಮ ಮುಂದೆ ನಾನು ವಾಸಿ ಬಿಡಿ," ಎಂದರು.

ಸೀಟಿ ಊದಿದರು. ಜನರ ರಾಶಿ ಹಾಲು ಉಕ್ಕಿದಂತೆ ಮುಂದಕ್ಕೆ ಸರಿಯಿತು. ಅಡುಗೆಯವರು ಮೊದಲ ತಿರುವಿನಲ್ಲೇ ಅವಳನ್ನು ದಾಟಿ ಹೋದರು. ಎಳೆಯರು ದಾಟಿದರು, ಹಿರಿಯರು ದಾಟಿದರು, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದ ತಾಯಿಯೊಬ್ಬಳು ಕ್ಷಮಿಸಿ ಎಂದು ಹೇಳಿ ದಾಟಿದಳು. ಚಾದರಕ್ಕ ಓಣಿಯಲ್ಲಿ ಓಡುತ್ತಿದ್ದಷ್ಟೇ ವೇಗದಲ್ಲಿ ಓಡಿದಳು. ಅದಕ್ಕಿಂತ ಹೆಚ್ಚಿನದು ಅವಳಲ್ಲಿ ಇರಲಿಲ್ಲ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಇಲ್ಲದ ಕ್ಯಾನನ್ನು ಹಿಡಿದುಕೊಂಡಿತ್ತು.

ಪೇಟೆಯ ರಸ್ತೆ ದಾಟಿ ದೊಡ್ಡ ಕೂಡುರಸ್ತೆಗೆ ಬರುವಷ್ಟರಲ್ಲಿ ಸುತ್ತಮುತ್ತ ಯಾರೂ ಉಳಿದಿರಲಿಲ್ಲ. ಅಲ್ಲಿ ಓಟಕ್ಕಾಗಿ ವಾಹನಗಳನ್ನು ತಡೆದಿದ್ದರು. ಎಲ್ಲಕ್ಕಿಂತ ಮುಂದೆ ಒಂದು ಬಸ್ಸು. ಅದರ ಒಂದೊಂದು ಕಿಟಕಿಯಲ್ಲೂ ಒಂದೊಂದು ಮುಖ. ವಾರವಿಡೀ ತಲೆಯಲ್ಲಿ ನಿಂತಿದ್ದ ಚಿತ್ರ ಇದೇ: ಖಾಲಿ ರಸ್ತೆ, ತಾನೊಬ್ಬಳು, ಅಷ್ಟೂ ಕಣ್ಣುಗಳು. ಅವಳ ಕಾಲು ತಡವರಿಸಿತು. ನಡೆದುಬಿಡೋಣ ಎನ್ನಿಸಿತು. ಹಾಲಿಗೆ ಹೊರಟವಳ ಮುಖ ಮಾಡಲು ಇಂದು ಕೈಯಲ್ಲಿ ಏನೂ ಇರಲಿಲ್ಲ.

"ಅಕ್ಕಾ, ಇವತ್ತು ಹಾಲಿನ ಕ್ಯಾನು ಎಲ್ಲಿ?"

ಬಸ್ಸಿನ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. ಅವಳು ಆ ಮುಖವನ್ನು ಎಂದೂ ನೋಡಿರಲಿಲ್ಲ. ನೋಡಿದ್ದೆಲ್ಲ ಕ್ಯಾನಿನ ಮುಚ್ಚಳವನ್ನು.

"ನಿಮಗೆ... ನಿಮಗೆ ಹೇಗೆ ಗೊತ್ತು?"

"ನಿಲ್ಬೇಡಿ, ಓಡ್ತಾನೇ ಕೇಳಿ. ಮೊದಲನೇ ಟ್ರಿಪ್ಪು ನಂದೇ ಅಲ್ವಾ. ದಿನಾ ನೋಡ್ತೀನಿ. ನಿಮ್ಮ ಕಣ್ಣಿಗೆ ಹೊಡೀಬಾರ್ದು ಅಂತ ಗೇಟ್ ಹತ್ರಾನೇ ದೀಪ ಇಳಿಸ್ಕೊಂಡು ಬರ್ತೀನಿ. ನಮ್ಮ ವಾಚ್‌ಮನ್ನು ನೀವು ಜಾರಿ ಬಿದ್ದೀರ ಅಂತ ಓಣಿಯ ಜಲ್ಲಿ ಎಲ್ಲ ಗುಡಿಸ್ತಾನೆ. ಈ ವಾರ ನೀವು ಕಾಣ್ಲಿಲ್ಲ, ಹುಷಾರಿಲ್ವೇನೋ ಅಂತ ಪಾಪ ನನ್ನ ಹತ್ರ ಕೇಳ್ತಿದ್ದ." ಆಮೇಲೆ ಒಳಗೆ ತಿರುಗಿ ಪ್ರಯಾಣಿಕರಿಗೆ, "ನಮ್ಮ ಡಿಪೋದ ಅಕ್ಕ ಕಣ್ರೀ," ಎಂದ.

ಚಾದರಕ್ಕ ಓಡಿದಳು. ನೆನಪಾಯಿತು: ಮೊದಮೊದಲು ಆ ಓಣಿಯಲ್ಲಿ ಕಾಲಿಗೆ ಜಲ್ಲಿ ಸಿಗುತ್ತಿತ್ತು. ಆಮೇಲೊಂದು ದಿನ ಸಿಗಲಿಲ್ಲ. ಗಾಳಿಗೆ ಹೋಯಿತೆಂದುಕೊಂಡಿದ್ದಳು, ಜಲ್ಲಿ ಯಾವ ಗಾಳಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಬಸ್ಸಿನ ದೀಪ ತನ್ನ ಹತ್ತಿರ ಬರುವಾಗ ಮಾತ್ರ ಮಂಕಾಗುತ್ತಿದ್ದುದನ್ನೂ ಯೋಚಿಸಿರಲಿಲ್ಲ. ಯಾರೂ ನೋಡುವುದಿಲ್ಲವೆಂದು ನಂಬಿ ಓಡಿದ ಅಷ್ಟೂ ಬೆಳಗುಗಳಲ್ಲಿ ಯಾರೋ ನೋಡಿದ್ದರು. ನೋಡಿ ನಕ್ಕಿರಲಿಲ್ಲ. ಅವಳ ಗುಟ್ಟನ್ನು ಅವಳಿಗೇ ತಿಳಿಯದಂತೆ ಕಾಪಾಡಿದ್ದರು, ಅವಳ ಕಾಲಿನ ದಾರಿಯನ್ನು ಗುಡಿಸಿಟ್ಟಿದ್ದರು. ತಾನು ಇಷ್ಟು ದಿನ ಹೆದರಿದ್ದು ಇಂಥವರ ಕಣ್ಣಿಗೇ ಎನ್ನಿಸಿ ಅವಳಿಗೆ ಅಳು ಬಂತು. ಅಳುತ್ತ ಓಡುವುದು ಕಷ್ಟ, ಉಸಿರು ಸಾಲುವುದಿಲ್ಲ. ಅಳುವನ್ನು ಆಮೇಲಕ್ಕೆ ಇಟ್ಟುಕೊಂಡಳು. ಎಡಗೈಯ ಮುಷ್ಟಿ ಯಾವಾಗ ಬಿಚ್ಚಿಕೊಂಡಿತೋ ಅವಳಿಗೆ ಗೊತ್ತಾಗಲಿಲ್ಲ.

ದಾರಿಯುದ್ದಕ್ಕೂ ಅವಳು ಮುಖಗಳನ್ನು ನೋಡಿದಳು. ಅಂಗಡಿ ಬಾಗಿಲು ತೆಗೆಯುತ್ತಿದ್ದವನ ಮುಖ, ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳ ಮುಖ, ನೀರಿನ ಲೋಟ ಚಾಚಿದ ನರ್ಸಿನ ಮುಖ. ಕೆಲವರು ಅವಳನ್ನು ನೋಡಿದರು, ಕೆಲವರು ನೋಡಲಿಲ್ಲ. ಎರಡೂ ಅವಳಿಗೆ ಸರಿಯಾಗಿಯೇ ಇತ್ತು. ಪಕ್ಕೆ ಹಿಡಿದುಕೊಂಡಿತು, ಬಿಟ್ಟಿತು. ಟೀ ಶರ್ಟು ಅರ್ಧ ಒಣಗಿ, ಉಳಿದ ಗಂಜಿ ಬೆವರಿನ ಜೊತೆ ಸೇರಿ ಅಂಟಂಟಾಯಿತು. ಕೊನೆಯ ಏರಿನಲ್ಲಿ ಎರಡು ಸಲ ನಡೆದಳು. ನಡೆಯುವಾಗಲೂ ತಲೆ ತಗ್ಗಿಸಲಿಲ್ಲ.

ಮೈದಾನದ ನೇರ ದಾರಿಗೆ ಬಂದಾಗ ಮುಗಿಸಿದವರೆಲ್ಲ ಬಾಯಿ ಒರೆಸಿಕೊಂಡು ತಿರುಗಿ ನಿಂತೇ ಇದ್ದರು, ಅವಳು ಹೆದರಿದ್ದ ಹಾಗೆಯೇ. ಗಂಜಿಯಮ್ಮ ಬೆಂಚಿನ ಮೇಲೆ ಹತ್ತಿ ನಿಂತು, "ಹೊಲಿಗೆ ಬಿಟ್ಟಿಲ್ಲ ನೋಡ್ರೇ, ಹೊಲಿಗೆ ಬಿಟ್ಟಿಲ್ಲ," ಎಂದು ಕೂಗುತ್ತಿದ್ದಳು. ಗಂಡ ಮೈಕಿನ ಪಕ್ಕದಲ್ಲಿದ್ದ. ಕೊಟ್ಟ ಮಾತು ಮೀರಬಾರದೆಂದು ಒಂದು ಕೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೊಂದು ಕೈಯನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದ. ಗೆರೆಯ ಆಚೆ, ಬಿಸಿಲಿನಲ್ಲಿ, ಎದುರಿನಾಕೆ ನೆಟ್ಟಗೆ ನಿಂತಿದ್ದಳು. ಚಾದರಕ್ಕ ಗೆರೆಯನ್ನು ನೋಡಲಿಲ್ಲ, ತನ್ನ ಕಾಲನ್ನೂ ನೋಡಲಿಲ್ಲ. ಆ ಮುಖವನ್ನು ನೋಡಿಕೊಂಡೇ ಬಂದು ದಾಟಿದಳು.

ಯಾರೋ ಬೆನ್ನು ತಟ್ಟಿದರು, ಯಾರೋ ಒಂದು ಹಣ್ಣು ಕೈಗಿಟ್ಟರು. ಸ್ವಲ್ಪ ಹೊತ್ತು ಅವಳು ಮೊಣಕಾಲಿಗೆ ಕೈಯೂರಿ ಉಸಿರನ್ನಷ್ಟೇ ನೋಡಿಕೊಂಡಳು. ಎದುರಿನಾಕೆ ನೀರು ಕೊಟ್ಟಳು. ಕುಡಿಯುವ ತನಕ ಕಾದಳು.

"ನೋಡಿದ್ಯಾ ಅಕ್ಕಾ?"

"ನೋಡ್ದೆ."

"ಹೇಗಿತ್ತು?"

"ಸುಕ್ಕೇ ಇರ್ಲಿಲ್ಲ," ಎಂದಳು ಎದುರಿನಾಕೆ. ಅವಳ ಬಾಯಿಂದ ಬರುವ ಹೊಗಳಿಕೆಗೆ ಅದಕ್ಕಿಂತ ಎತ್ತರದ ಮೆಟ್ಟಿಲಿಲ್ಲವೆಂದು ಲಾಂಡ್ರಿಯವರಿಗೆಲ್ಲ ಗೊತ್ತು.

ಮೈದಾನ ಖಾಲಿಯಾಗತೊಡಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಗೆರೆಯ ಬಳಿಯ ಬಾಗಿಲಿನಂಥ ಚೌಕಟ್ಟನ್ನು ಇಬ್ಬರು ಬಿಚ್ಚಲು ಶುರುಮಾಡಿದ್ದರು. ಚಾದರಕ್ಕನಿಗೆ ಹೇಳುವುದು ಬಹಳವಿತ್ತು: ಡಾಕ್ಟರಮ್ಮನ ವಿಷಯ, ವಾಚ್‌ಮನ್ನನ ವಿಷಯ, ತಾಯಿಯನ್ನು ಕಳೆದುಕೊಂಡಾಗ ನಿಧಾನವಾಗಿ ಮಡಚಿದ ಆ ದಿನದ ವಿಷಯ. ಇಷ್ಟು ವರ್ಷ ಎದುರೆದುರು ನಿಂತೂ ಅವರಿಬ್ಬರ ನಡುವೆ ಅಂಥ ಮಾತು ಬಂದಿರಲಿಲ್ಲ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅವಳು ಖಾಲಿ ಲೋಟವನ್ನೇ ತಿರುಗಿಸುತ್ತಿದ್ದಳು.

"ಅಕ್ಕಾ, ಒಂದು ಮಾತು ಹೇಳ್ಬೇಕು. ನಗ್ಬೇಡ. ನೀನಿಲ್ದಿದ್ರೆ ನಾನು ಅವತ್ತೂ ಅಷ್ಟೆ, ಇವತ್ತೂ ಅಷ್ಟೆ..."

ಹೇಳುತ್ತಿದ್ದವಳ ಕಣ್ಣು ದಾರಿಯ ಆ ತುದಿಗೆ ಹೋಯಿತು. ಎದೆಯ ಮೇಲೆ ನಂಬರಿದ್ದ ಹೆಂಗಸೊಬ್ಬಳು ಬರುತ್ತಿದ್ದಳು, ಓಟವೂ ಅಲ್ಲದ ನಡಿಗೆಯೂ ಅಲ್ಲದ ಕಾಲಲ್ಲಿ. ಯಾರೆಂದು ಚಾದರಕ್ಕನಿಗೆ ಗೊತ್ತಿರಲಿಲ್ಲ. ಚೌಕಟ್ಟು ಬಿಚ್ಚುತ್ತಿರುವುದನ್ನು ಆ ಹೆಂಗಸು ದೂರದಿಂದಲೇ ಕಂಡಳು, ತಲೆ ತಗ್ಗಿಸಿದಳು, ರಸ್ತೆಯ ಪಕ್ಕದ ಸಂದಿಯ ಕಡೆಗೊಮ್ಮೆ ನೋಡಿದಳು.

"ಸ್ವಲ್ಪ ತಡೀರಪ್ಪಾ, ಅದನ್ನ ಬಿಚ್ಬೇಡಿ," ಎಂದು ಚಾದರಕ್ಕ ಲೋಟವನ್ನು ಎದುರಿನಾಕೆಯ ಕೈಗೆ ಕೊಟ್ಟಳು. "ನಾನೇನು ಹೇಳ್ತಿದ್ದೆ ಅಂದ್ರೆ ಅಕ್ಕಾ, ನೀನು ನಂಗೆ..." ಎನ್ನುತ್ತಲೇ ತಿರುಗಿ, ನೋಯುವ ಕಾಲನ್ನು ಎಳೆಯುತ್ತ ಆ ಹೆಂಗಸಿನ ಕಡೆಗೆ ನಡೆದಳು.